ಕಂಬಕ್ಕೊಂದು ನೀಲಕಂಠ: ಹಕ್ಕಿಗಳ ಲೆಕ್ಕ ಇಡೋದು ಹೇಗೆ, ಯಾಕೆ

ಕೊಪ್ಪಳ ಜಿಲ್ಲೆಯ ನಮ್ಮೂರಿನ ಹೊರಗೆ ಒಂದು ಗಾಯರಾಣ ಇದೆ. ಕುರಿ, ದನ ಮೇಯುವ ಊರೊಟ್ಟಿನ ಜಾಗ. ಅದರ ಅಂಚಿಗೆ ಕರೆಂಟ್ ಕಂಬಗಳ ಸಾಲು. ಭಾನುವಾರ ಬೆಳಿಗ್ಗೆ ಅಲ್ಲಿ ನಡೆಯುವುದು ನನ್ನ ರೂಢಿ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್.

ಒಂದಿನ ಕುರಿ ಕಾಯುವ ಅಜ್ಜ ಹತ್ತಿರ ಬಂದು ಕೇಳಿದರು.

"ಏನ್ ಬರ್ಕೊಳ್ಳಾಕತ್ತೀರಿ ಸರ?"

"ಹಕ್ಕಿ ಲೆಕ್ಕ, ಅಜ್ಜಾರ."

"ಈಗೇನ್ ಬರೀತೀರಿ? ಮೊದ್ಲ ಕಂಬಕ್ಕೊಂದು ನೀಲಕಂಠ ಕುಂದರ್ತಿತ್ತು. ಈಗ ಎಲ್ಲಿ ಅದಾವು?"

ಆ ಮಾತು ತಲೆಯಲ್ಲೇ ಉಳಿಯಿತು. ಮನೆಗೆ ಬಂದು ನನ್ನ ಹಳೆಯ ನೋಟ್‌ಬುಕ್ ತೆಗೆದೆ. ಪುಟ ತಿರುವಿದೆ. ತುಂಗಭದ್ರಾ ಹಿನ್ನೀರಿನಲ್ಲಿ ಕಂಡ ರಾಜಹಂಸ ಇದೆ. ಪಟ್ಟೆತಲೆ ಹೆಬ್ಬಾತು ಇದೆ, ಎಷ್ಟು ಗಂಟೆಗೆ ಕಂಡಿತು ಅಂತಲೂ ಇದೆ. ಆದರೆ ನೀಲಕಂಠದ ಬಗ್ಗೆ ಒಂದೇ ಒಂದು ಸಾಲಿಲ್ಲ. ಆಗ ಅದು ಇರಲಿಲ್ಲ ಅಂತಲ್ಲ. ದಿನಾ ಕಾಣುತ್ತಿತ್ತು. ದಿನಾ ಕಾಣೋದನ್ನ ಏನು ಬರೆಯೋದು ಅಂತ ಬಿಟ್ಟಿದ್ದೆ.

ಹಾಗಾಗಿ ಅಜ್ಜ ಹೇಳಿದ್ದು ನಿಜವಾ ಅಂತ ನನ್ನ ಪುಸ್ತಕ ಹೇಳಲಾರದು. ಅಷ್ಟು ವರ್ಷ ನೋಡಿಯೂ ಉತ್ತರ ಇಲ್ಲ. ಹಕ್ಕಿಗಳ ಮೇಲೆ ನಿಗಾ ಇಡುವುದು ಅಂದರೆ ಏನು ಅಂತ ನನಗೆ ಅರ್ಥವಾಗಿದ್ದು ಆ ದಿನ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ನಮ್ಮ ಕಣ್ಣೆದುರಿನ ಜಾಗಗಳನ್ನೇ ಇಟ್ಟುಕೊಂಡು.

ನೋಡುವುದು ಬೇರೆ, ಲೆಕ್ಕ ಇಡುವುದು ಬೇರೆ

ನಮ್ಮ ಮೂರು ಜಿಲ್ಲೆಯ ನೀಲಕಂಠಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತಲೆ ಎಣಿಸಲು ಆಗುವುದಿಲ್ಲ. ಹಾಗೆ ಎಣಿಸುವ ಅಗತ್ಯವೂ ಇಲ್ಲ. ನಮಗೆ ಬೇಕಿರುವುದು ಒಟ್ಟು ಎಷ್ಟಿವೆ ಅನ್ನುವುದಕ್ಕಿಂತ, ಹೆಚ್ಚುತ್ತಿವೆಯಾ ಕಡಿಮೆಯಾಗುತ್ತಿವೆಯಾ ಅನ್ನುವುದು. ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಸುಲಭ. ಆದರೆ ಶಿಸ್ತು ಬೇಕು.

ಅದು ಹೀಗೆ. ಗೊತ್ತಾದ ಒಂದು ಜಾಗ. ಗೊತ್ತಾದ ಹೊತ್ತು. ಕಾಲು ಗಂಟೆಯೋ ಅರ್ಧ ಗಂಟೆಯೋ ನಡೆಯಿರಿ. ಕಂಡ, ಕೇಳಿದ, ಗುರುತು ಸಿಕ್ಕ ಪ್ರತಿ ಹಕ್ಕಿಯನ್ನೂ ಬರೆಯಿರಿ. ಕಾಗೆಯನ್ನೂ, ಗುಬ್ಬಚ್ಚಿಯನ್ನೂ, ಬೆಳ್ಳಕ್ಕಿಯನ್ನೂ. ಇದನ್ನು ಪೂರ್ಣ ಪಟ್ಟಿ ಅನ್ನುತ್ತಾರೆ. ಪೂರ್ಣ ಪಟ್ಟಿಗೆ ಒಂದು ವಿಶೇಷ ಶಕ್ತಿ ಇದೆ. ಅದರಲ್ಲಿ ಯಾವ ಹೆಸರು ಇಲ್ಲವೋ, ಆ ಹಕ್ಕಿ ಆ ದಿನ ಅಲ್ಲಿ ಕಾಣಲಿಲ್ಲ ಅಂತಲೇ ಅರ್ಥ. ಇಲ್ಲ ಅನ್ನುವುದೂ ಒಂದು ಮಾಹಿತಿಯಾಗುತ್ತದೆ. ನನ್ನ ಹಳೆಯ ಪುಸ್ತಕದಲ್ಲಿ ಈ ಶಕ್ತಿ ಇರಲಿಲ್ಲ. ಅಲ್ಲಿ ನೀಲಕಂಠದ ಹೆಸರಿಲ್ಲ ಅಂದರೆ ಹಕ್ಕಿ ಇರಲಿಲ್ಲವೋ, ನಾನು ಬರೆಯಲಿಲ್ಲವೋ ಯಾರಿಗೂ ತಿಳಿಯದು.

ಈಗ ಒಂದು ಲೆಕ್ಕ ಮಾಡೋಣ. ಇದು ಸುಮ್ನೆ ಅರ್ಥವಾಗಲಿ ಅಂತ ಕಟ್ಟಿದ ಲೆಕ್ಕ. ಒಂದು ವರ್ಷ ಒಂದೇ ದಾರಿಯಲ್ಲಿ 20 ಸಲ ನಡೆದಿರಿ. 16 ಪಟ್ಟಿಯಲ್ಲಿ ನೀಲಕಂಠ ಬಂತು. ನೂರಕ್ಕೆ 80. ಹತ್ತು ವರ್ಷದ ಮೇಲೆ ಅದೇ ದಾರಿ, ಅದೇ ಹೊತ್ತು, ಮತ್ತೆ 20 ಸಲ. ಈಗ 8 ಪಟ್ಟಿಯಲ್ಲಿ ಮಾತ್ರ ಬಂತು. ನೂರಕ್ಕೆ 40. ಒಟ್ಟು ಎಷ್ಟು ನೀಲಕಂಠ ಇವೆ ಅಂತ ನಿಮಗೆ ಈಗಲೂ ಗೊತ್ತಿಲ್ಲ. ಆದರೆ ಕಣ್ಣಿಗೆ ಬೀಳುವುದು ಅರ್ಧಕ್ಕೆ ಇಳಿದಿದೆ ಅನ್ನುವುದು ಗೊತ್ತಾಯಿತು, ಅಲ್ವಾ?

ಒಬ್ಬರ 20 ಪಟ್ಟಿಯಿಂದ ದೊಡ್ಡ ಮಾತು ಹೇಳುವುದು ಕಷ್ಟ. ಸಾವಿರಾರು ಜನರ ಲಕ್ಷಾಂತರ ಪಟ್ಟಿ ಸೇರಿದರೆ ಚಿತ್ರ ಮೂಡುತ್ತದೆ. ಇಬರ್ಡ್ ಅನ್ನುವ ಆ್ಯಪ್ ಮಾಡುವ ಕೆಲಸ ಇದೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ 2002ರಲ್ಲಿ ಮೊದಲು ಜಾಲತಾಣವಾಗಿ ಶುರು ಮಾಡಿದ್ದು. ಪಟ್ಟಿ ಕಳಿಸುವ ಮುಂಚೆ ಅದು ಒಂದು ಪ್ರಶ್ನೆ ಕೇಳುತ್ತದೆ: ಗುರುತು ಸಿಕ್ಕ ಹಕ್ಕಿಯನ್ನೆಲ್ಲ ಬರೆದಿದ್ದೀರಾ? ಹೌದು ಅಂತ ಒತ್ತಿದರೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಹೆಸರುಗಳೂ ಲೆಕ್ಕಕ್ಕೆ ಬರುತ್ತವೆ. ನನ್ನ ಮಟ್ಟಿಗೆ ಆ ಆ್ಯಪ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಬಟನ್ ಅದೇ.

2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ಸುಮಾರು 30,000 ಪಕ್ಷಿವೀಕ್ಷಕರು ಕಳಿಸಿದ 3 ಕೋಟಿಗೂ ಹೆಚ್ಚು ದಾಖಲೆಗಳ ಮೇಲೆ ನಿಂತ ವರದಿ ಅದು. 942 ಜಾತಿಯ ಹಕ್ಕಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ಬಹಳ ವರ್ಷದ ಏರಿಳಿತ ಹೇಳಲು ಸಾಕಷ್ಟು ಮಾಹಿತಿ ಸಿಕ್ಕಿದ್ದು 338 ಜಾತಿಗಳಿಗೆ. ಅವುಗಳಲ್ಲಿ ನೂರಕ್ಕೆ 60 ಜಾತಿಗಳು ಕಡಿಮೆಯಾಗಿವೆ. ಆದರೆ ನವಿಲು ಬಲು ಜೋರಾಗಿ ಹೆಚ್ಚಿದೆ. ಹೊಲದಲ್ಲಿ ಬಿತ್ತಿದ ಕಾಳು ಹೆಕ್ಕುವ ನವಿಲಿನ ಹಿಂಡು ನೋಡಿದ ನಮ್ಮ ರೈತರಿಗೆ ಇದನ್ನು ವರದಿ ಓದಿ ತಿಳಿಯಬೇಕಿಲ್ಲ.

ಮತ್ತೆ ನೀಲಕಂಠ? ಅದು ನಮ್ಮ ಕರ್ನಾಟಕದ ರಾಜ್ಯಪಕ್ಷಿ. ರಾಯಚೂರು ದಾಟಿ ತೆಲಂಗಾಣಕ್ಕೆ ಹೋದರೆ ಪಾಲಪಿಟ್ಟ ಅನ್ನುತ್ತಾರೆ, ಅಲ್ಲಿಯೂ ಅದೇ ರಾಜ್ಯಪಕ್ಷಿ. ಸುಮಾರು 12 ವರ್ಷದಲ್ಲಿ ನೀಲಕಂಠ ನೂರಕ್ಕೆ 30ಕ್ಕಿಂತ ಜಾಸ್ತಿ ಕಡಿಮೆಯಾಗಿದೆ, ಅದರ ಸ್ಥಿತಿಯನ್ನು ಹೊಸದಾಗಿ ಪರಿಶೀಲಿಸಬೇಕು ಅಂತ ವರದಿ ಹೇಳಿತು. ಅಜ್ಜ ಕಂಬ ನೋಡಿ ಹೇಳಿದ್ದು, ದೇಶದ ಲೆಕ್ಕ ಹೇಳಿದ್ದು ಒಂದೇ ಮಾತು. ಇಷ್ಟೆಲ್ಲ ಗೊತ್ತಾಗಿದ್ದು ಯಾರೋ ಎಲ್ಲೋ ಸಾಮಾನ್ಯ ಹಕ್ಕಿಯನ್ನೂ ಬಿಡದೆ ಬರೆದಿದ್ದರಿಂದ.

ಹಳೆಯ ಲೆಕ್ಕ ಒಂದು ಜೀವ ಉಳಿಸಿದ ಕತೆ ಇದೆ. ವಿಭು ಪ್ರಕಾಶ್ ಅನ್ನುವ ವಿಜ್ಞಾನಿ 1980ರ ದಶಕದಲ್ಲಿ ರಾಜಸ್ಥಾನದ ಕೇವಲಾದೇವ್ ಉದ್ಯಾನದಲ್ಲಿ ರಣಹದ್ದುಗಳನ್ನೂ ಅವುಗಳ ಗೂಡನ್ನೂ ಎಣಿಸಿ ಇಟ್ಟಿದ್ದರು. ಆಗ ರಣಹದ್ದು ಎಲ್ಲೆಲ್ಲೂ ಇದ್ದವು. ಇಷ್ಟೊಂದು ಇರುವ ಹಕ್ಕಿಯನ್ನು ಯಾಕೆ ಎಣಿಸಬೇಕು ಅನ್ನಬಹುದಿತ್ತು. 90ರ ದಶಕದಲ್ಲಿ ಮತ್ತೆ ಎಣಿಸಿದಾಗ ಸಂಖ್ಯೆ ನೆಲಕಚ್ಚಿತ್ತು. ಆಗ ಹುಡುಕಾಟ ಶುರುವಾಯಿತು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧ ಕಾರಣ ಅಂತ 2004ರ ಹೊತ್ತಿಗೆ ಖಚಿತವಾಯಿತು. ಸತ್ತ ದನದ ಮೈಯಲ್ಲಿದ್ದ ಔಷಧ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಭಾರತ ಆ ಔಷಧವನ್ನು ಪಶುಗಳಿಗೆ ಕೊಡದಂತೆ ನಿಷೇಧಿಸಿತು. ಮೊದಲ ಎಣಿಕೆಯೇ ಇರದಿದ್ದರೆ ಎಷ್ಟು ಹೋದವು ಅಂತ ಹೋಲಿಸುವುದು ಯಾವುದರ ಜೊತೆ?

ಕಾಣದ ಹಕ್ಕಿಯ ಲೆಕ್ಕ

ಒಂದು ಅನುಮಾನ ಎಲ್ಲರಿಗೂ ಬರುತ್ತದೆ. ನಾನು ನೋಡದೆ ಬಿಟ್ಟ ಹಕ್ಕಿಗಳ ಗತಿ ಏನು? ಗಿಡದ ಮರೆಯಲ್ಲಿ ಕೂತ ಪಿಕಳಾರ, ಹುಲ್ಲಿನ ಬುಡದಲ್ಲಿ ಅಡಗಿದ ಗೌಜಲಕ್ಕಿ?

ಇದಕ್ಕೆ ಒಂದು ಜಾಣ ಉಪಾಯ ಇದೆ. ಕಡಲೆ ಹೊಲದ ಬದುವಿನ ಮೇಲೆ ನೇರವಾಗಿ ನಡೆಯುತ್ತಿದ್ದೀರಿ ಅಂದುಕೊಳ್ಳಿ. ಹಕ್ಕಿ ಕಂಡಾಗಲೆಲ್ಲ ಅದು ಬದುವಿನಿಂದ ಎಷ್ಟು ದೂರ ಇತ್ತು ಅಂತಲೂ ಬರೆಯಿರಿ. ಇಷ್ಟು ಮೀಟರ್ ಅಂತ ಅಂದಾಜು ಸಾಕು. ದೂರ ಅಳೆಯುವ ಚಿಕ್ಕ ಯಂತ್ರ ಇದ್ದರೆ ಇನ್ನೂ ಚೆನ್ನ. ದಿನದ ಕೊನೆಗೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಹತ್ತು ಮೀಟರ್ ಒಳಗಿನ ನೆಲಗುಬ್ಬಿಗಳು ತುಂಬ ಸಿಕ್ಕಿವೆ. ಐವತ್ತು ಮೀಟರ್ ಆಚೆ ಕೆಲವೇ ಕೆಲವು. ನೂರು ದಾಟಿದರೆ ಒಂದೂ ಇಲ್ಲ.

ನೆಲಗುಬ್ಬಿಗಳು ಬದುವಿನ ಹತ್ತಿರ ಮಾತ್ರ ಇವೆಯಾ? ಇಲ್ಲವಲ್ಲ. ಹೊಲದ ತುಂಬ ಹರಡಿವೆ. ದೂರದವು ನಮಗೆ ಕಾಣಲಿಲ್ಲ ಅಷ್ಟೆ. ಹತ್ತಿರ ಕಂಡಷ್ಟೇ ದೂರದಲ್ಲೂ ಇರಬೇಕಿತ್ತು. ಕಂಡಿದ್ದು ಕಡಿಮೆ. ಆ ಕೊರತೆಯೇ ನಮ್ಮ ಕಣ್ಣು ತಪ್ಪಿಸಿಕೊಂಡ ಹಕ್ಕಿಗಳ ಅಳತೆ. ದೂರ ಹೆಚ್ಚಿದಂತೆ ಕಾಣುವುದು ಎಷ್ಟೆಷ್ಟು ತಗ್ಗುತ್ತದೆ ಅಂತ ಲೆಕ್ಕ ಹಾಕಿ, ಹೊಲದಲ್ಲಿ ನಿಜಕ್ಕೂ ಎಷ್ಟಿರಬಹುದು ಅಂತ ಅಂದಾಜು ಕಟ್ಟುತ್ತಾರೆ. ಜಗತ್ತಿನೆಲ್ಲೆಡೆ ಜಿಂಕೆಯಿಂದ ತಿಮಿಂಗಿಲದವರೆಗೆ ಇದೇ ಲೆಕ್ಕ ನಡೆಯುತ್ತದೆ. ಮೊದಲ ಸಲ ಅರ್ಥವಾದಾಗ ನನಗಂತೂ ತುಂಬ ಖುಷಿಯಾಗಿತ್ತು. ನಮ್ಮ ಕಣ್ಣಿನ ಸೋಲನ್ನೇ ಅಳತೆಗೋಲು ಮಾಡಿಕೊಳ್ಳುವ ಕೆಲಸ ಇದು.

ಆದರೆ ಒಂದು ಷರತ್ತು. ಹೆಜ್ಜೆ ಸಪ್ಪಳಕ್ಕೆ ಹಕ್ಕಿ ಹಾರಿಹೋದ ಮೇಲೆ ದೂರ ಬರೆದರೆ ಲೆಕ್ಕ ಕೆಡುತ್ತದೆ. ಮೊದಲು ಕಂಡಾಗ ಎಲ್ಲಿತ್ತೋ ಆ ದೂರ ಬೇಕು. ನಮ್ಮ ಕಡೆ ಬಿಸಿಲೂ ಒಂದು ವೈರಿ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತಾದರೆ ನೆಲದಿಂದ ಝಳ ಏಳುತ್ತದೆ, ದುರ್ಬೀನಿನಲ್ಲಿ ಎಲ್ಲವೂ ನೀರಿನಂತೆ ಕದಲುತ್ತದೆ. ಹಕ್ಕಿಗಳೂ ನೆರಳು ಸೇರುತ್ತವೆ. ಒಂದು ವರ್ಷ ಆರಕ್ಕೆ ನಡೆದು, ಮರುವರ್ಷ ಹತ್ತಕ್ಕೆ ನಡೆದರೆ, ಹಕ್ಕಿ ಕಡಿಮೆಯಾಗಿದೆ ಅಂತ ತಪ್ಪು ತಿಳಿಯುತ್ತೇವೆ. ಕಡಿಮೆಯಾಗಿದ್ದು ನಮ್ಮ ಕಣ್ಣಿಗೆ ಬಿದ್ದದ್ದು.

ಕೆರೆ ಮನೆ, ಗದ್ದೆ ಅಡುಗೆಮನೆ

ನೀರಹಕ್ಕಿಗಳ ಎಣಿಕೆಯೇ ಬೇರೆ ತರಹ. ಅವು ಬಯಲಲ್ಲಿ ಗುಂಪಾಗಿ ಕಾಣುತ್ತವೆ, ಅಡಗುವುದು ಕಡಿಮೆ. ತೊಂದರೆ ಅಂದರೆ ಸಾವಿರಗಟ್ಟಲೆ ಇರುತ್ತವೆ, ಸುಮ್ಮನೆ ಕೂರುವುದಿಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ಗೊತ್ತಿರಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಶತಮಾನಗಳ ಹಿಂದೆ ನೀರಾವರಿಗೆ ಕಟ್ಟಿದ ಊರ ಕೆರೆ. ವಿಸ್ತಾರ ಸುಮಾರು 244 ಎಕರೆ. ನೀರಿನ ನಡುವೆ ಕರಿಜಾಲಿ ಗಿಡಗಳು. ಅವುಗಳ ಮೇಲೆ ಬಣ್ಣದ ಕೊಕ್ಕರೆ, ಬಾಯಿಕಳಕ, ಕರಿತಲೆ ಕೆಂಬರಲು, ನೀರುಕಾಗೆಗಳ ಸಂತೆ. ಗೂಡಿನ ಕಾಲದಲ್ಲಿ ಏರಿಯ ಮೇಲೆ ನಿಂತರೆ ಮರಿಗಳ ಗಲಾಟೆಯಲ್ಲಿ ಪಕ್ಕದವರ ಮಾತು ಕೇಳುವುದು ಕಷ್ಟ. ಗಾಳಿ ನಮ್ಮ ಕಡೆ ತಿರುಗಿದರೆ ಮೀನಿನ, ಹಿಕ್ಕೆಯ ವಾಸನೆ.

ಇಲ್ಲಿ ಎಣಿಸುವುದು ಹೀಗೆ. ದೊಡ್ಡ ಗುಂಪಿನ ಒಂದು ಮೂಲೆಯಲ್ಲಿ ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ಹಿಡಿದಿದೆ ಅಂತ ಕಣ್ಣಿನಲ್ಲಿ ತುಂಬಿಕೊಳ್ಳಿ. ಆಮೇಲೆ ಅಂಥ ತುಂಡುಗಳನ್ನು ಎಣಿಸುತ್ತಾ ಹೋಗಿ. ಹತ್ತು, ಇಪ್ಪತ್ತು, ಮೂವತ್ತು. ಸಂತೆಯಲ್ಲಿ ನಿಂಬೆಹಣ್ಣನ್ನು ಐದೈದರ ಗುಂಪು ಮಾಡಿ ಎಣಿಸುವುದಿಲ್ಲವಾ, ಹಾಗೆ. ಇಬ್ಬರು ಬೇರೆಬೇರೆಯಾಗಿ ಎಣಿಸಿ, ಕೊನೆಗೆ ಹೋಲಿಸಿದರೆ ತಪ್ಪು ಕಡಿಮೆ. ಗೂಡು ಕಟ್ಟಿದ ಮೇಲೆ ಹಾರುವ ಹಕ್ಕಿಗಿಂತ ಗೂಡು ಎಣಿಸುವುದು ಉತ್ತಮ. ಗೂಡು ಹಾರಿಹೋಗುವುದಿಲ್ಲ.

ಈ ಎಣಿಕೆಗೆ ಬೆಲೆ ಇದೆಯಾ? ಇದೆ. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಜೌಗು, ಕೆರೆಗಳನ್ನು ಕಾಪಾಡುವ ಒಪ್ಪಂದವಾಯಿತು. ಒಂದು ಕೆರೆ ಆ ಒಪ್ಪಂದದ ಪಟ್ಟಿಗೆ ಸೇರಲು ಹಲವು ಅಳತೆಗಳಿವೆ. ಅದರಲ್ಲಿ ಎರಡು ಪೂರ್ತಿ ಹಕ್ಕಿ ಎಣಿಕೆಯದ್ದೇ. 20,000 ನೀರಹಕ್ಕಿಗಳಿಗೆ ಆಸರೆಯಾಗುತ್ತಿರಬೇಕು, ಇಲ್ಲವೇ ಒಂದು ಜಾತಿಯ ಆ ಭೂಭಾಗದ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿರಬೇಕು. ಅಂಕಸಮುದ್ರದಲ್ಲಿ 30,000ಕ್ಕೂ ಹೆಚ್ಚು ನೀರಹಕ್ಕಿಗಳು ತಂಗುತ್ತವೆ, ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು ನೂರಕ್ಕೆ ಒಂದರ ಗೆರೆ ದಾಟಿವೆ. 2024ರ ಜನವರಿಯಲ್ಲಿ ಅದು ರಾಮ್ಸರ್ ತಾಣ ಅಂತ ಘೋಷಣೆಯಾಯಿತು. ಅದರ ಜೊತೆಗೇ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆಯೂ. ಏರಿಯ ಮೇಲೆ ನಿಂತು ಯಾರೋ ಹತ್ತು, ಇಪ್ಪತ್ತು ಅಂತ ಎಣಿಸಿದ್ದು ಕೊನೆಗೆ ಒಂದು ಕೆರೆಯ ಕಾವಲಾಯಿತು.

ಆದರೆ ಕೆರೆಗೆ ಕಾವಲು ಸಿಕ್ಕರೆ ಸಾಕಾ? ನನಗೆ ಸಾಲದು ಅನಿಸುತ್ತದೆ. ಬಾಯಿಕಳಕವನ್ನು ನೋಡಿ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಅದರ ಮುಖ್ಯ ಊಟ ಬಸವನಹುಳು. ಒಮ್ಮೆ ಗಂಗಾವತಿ ಹತ್ತಿರ ಕಾಲುವೆ ಬದಿಯ ಭತ್ತದ ಗದ್ದೆಯಲ್ಲಿ ಒಂದನ್ನು ಬಹಳ ಹೊತ್ತು ನೋಡಿದೆ. ಕೆಸರಿನೊಳಗೆ ಕೊಕ್ಕು ಇಳಿಸಿ ತಡಕಾಡುತ್ತದೆ. ತಲೆ ಅಲ್ಲಾಡುತ್ತದೆ. ಮೇಲೆ ಬಂದಾಗ ಕೊಕ್ಕಿನ ತುದಿಯಲ್ಲಿ ಮೆತ್ತನೆ ಮಾಂಸ, ಚಿಪ್ಪು ಕೆಳಗೇ ಉಳಿದಿದೆ. ಅದು ಹೋದ ಮೇಲೆ ಬದುವಿಗೆ ಇಳಿದು ನೋಡಿದರೆ ಖಾಲಿ ಚಿಪ್ಪುಗಳು. ಒಡೆದಿರಲಿಲ್ಲ, ಒಳಗೆ ಮಾತ್ರ ಏನೂ ಇರಲಿಲ್ಲ.

ಕೆರೆಯಲ್ಲಿ ಗೂಡು ಕಟ್ಟುವ ಹಕ್ಕಿ ಊಟಕ್ಕೆ ಕಿಲೋಮೀಟರ್‌ಗಟ್ಟಲೆ ಹಾರಿ ಗದ್ದೆ, ಕಾಲುವೆ, ಹಿನ್ನೀರಿಗೆ ಹೋಗುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಿಗೆ ಹೊಡೆಯುವ ಔಷಧ, ಹಾಕುವ ಗುಳಿಗೆ ಎಲ್ಲವೂ ಆ ಕೆಸರಿನಲ್ಲೇ ಉಳಿಯುತ್ತದೆ. ಕೆರೆ ಹಕ್ಕಿಯ ಮನೆ, ಗದ್ದೆ ಅದರ ಅಡುಗೆಮನೆ. ಮನೆಗೆ ಬೇಲಿ ಹಾಕಿ ಅಡುಗೆಮನೆ ಮರೆತರೆ ಮರಿ ಬದುಕುವುದಿಲ್ಲ. ಹಾಗಾಗಿ ಹಕ್ಕಿ ಎಣಿಸುವವರು ಜಾಗದ ಸ್ಥಿತಿಯನ್ನೂ ಬರೆಯಬೇಕು. ನೀರು ಎಷ್ಟಿದೆ, ಸುತ್ತ ಏನು ಬೆಳೆ, ಹೊಸ ಲೇಔಟ್ ಬಂತಾ, ಜಾಲಿ ಕಡಿದರಾ.

ನೀರಿನ ಮಟ್ಟ ಬರೆಯದ ಎಣಿಕೆ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ತುಂಗಭದ್ರಾ ಜಲಾಶಯವೇ ಸಾಕ್ಷಿ. ಜಲಾಶಯ ತುಂಬಿದ್ದರೆ ಅಂಚಿನ ಕೆಸರು ಮುಳುಗಿರುತ್ತದೆ. ಉದ್ದ ಕಾಲಿನ, ಕೆಸರು ಕೆದಕುವ ಹಕ್ಕಿಗಳಿಗೆ ಕಾಲೂರಲು ಜಾಗವಿಲ್ಲ, ಅವು ಬೇರೆ ಕಡೆ ಹೋಗುತ್ತವೆ. ನೀರು ಇಳಿದಂತೆ ಮೈಲಿಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ, ಅವು ವಾಪಸ್ ಬರುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋಗಿದ್ದು ಈ ಭಾಗದಲ್ಲಿ ಯಾರೂ ಮರೆತಿಲ್ಲ. ಮರುವರ್ಷ ಗೇಟುಗಳ ಸುರಕ್ಷತೆಗಾಗಿ ಜಲಾಶಯವನ್ನು ಪೂರ್ತಿ ತುಂಬಿಸಲಿಲ್ಲ. ಇಂಥ ವರ್ಷದ ಎಣಿಕೆಯನ್ನು ಬೇರೆ ವರ್ಷದ ಪಕ್ಕ ಇಟ್ಟು, ಹಕ್ಕಿ ಹೆಚ್ಚಿತು, ಕಡಿಮೆಯಾಯಿತು ಅಂತ ಹಾಗೇ ಹೇಳಲಾಗದು. ಏಷ್ಯಾದ ಉದ್ದಗಲಕ್ಕೂ ನೀರಹಕ್ಕಿ ಗಣತಿ 1987ರಿಂದ ಪ್ರತಿ ವರ್ಷ ಜನವರಿಯಲ್ಲೇ ನಡೆಯುವುದು ವರ್ಷವರ್ಷದ ಲೆಕ್ಕ ಹೋಲಿಸಲು ಆಗಲಿ ಅಂತ. ವಲಸೆ ಹಕ್ಕಿಗಳು ಆಗ ಒಂದೆಡೆ ನೆಲೆ ನಿಂತಿರುತ್ತವೆ. ಒಂದು ವರ್ಷದ ಸಂಖ್ಯೆ ಏನೂ ಹೇಳದು, ಇಪ್ಪತ್ತು ವರ್ಷದ ಸಾಲು ಬಹಳ ಹೇಳುತ್ತದೆ.

ಬಂಜರು ಅಂದವರು ಯಾರು?

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರದ, ಹಾಗೇ ಎಲ್ಲಕ್ಕಿಂತ ನೋವಿನ ವಿಷಯ. ಎರೆಭೂತ.

ಎರ್ಲಡ್ಡು ಅಂತಲೂ ಕರೆಯುತ್ತಾರೆ, ಹೆಬ್ಬಕ ಅಂತಲೂ. ಗ್ರೇಟ್ ಇಂಡಿಯನ್ ಬಸ್ಟರ್ಡ್. ಎದ್ದು ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕೆಜಿವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವು. ಹೆಸರಿನಲ್ಲೇ ಎರೆ ಇದೆ, ನಮ್ಮ ಕಪ್ಪು ನೆಲ. ಇಡೀ ಜಗತ್ತಿನಲ್ಲಿ ಬಯಲಲ್ಲಿ ಸ್ವತಂತ್ರವಾಗಿ ಉಳಿದಿರುವುದು ಸುಮಾರು 150 ಅಥವಾ ಅದಕ್ಕೂ ಕಡಿಮೆ. ಹೆಚ್ಚಿನವು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಎರೆ ಬಯಲಿನಲ್ಲಿ ಬೆರಳಲ್ಲಿ ಎಣಿಸುವಷ್ಟು ಕಂಡಿವೆ. ಪಕ್ಷಿತಜ್ಞ ಸಲೀಂ ಅಲಿ ಅವರು ಇದೇ ಹಕ್ಕಿ ರಾಷ್ಟ್ರಪಕ್ಷಿ ಆಗಲಿ ಅಂದಿದ್ದರು. 1963ರಲ್ಲಿ ಆ ಸ್ಥಾನ ನವಿಲಿಗೆ ಹೋಯಿತು.

ಎರೆಭೂತ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಅದೂ ಬರಿ ನೆಲದ ಮೇಲೆ, ಗೂಡು ಅನ್ನುವಂಥದ್ದು ಏನೂ ಇಲ್ಲದೆ. ನಾಯಿ ಬಂದರೆ ಹೋಯಿತು, ದನ ತುಳಿದರೆ ಹೋಯಿತು, ಟ್ರ್ಯಾಕ್ಟರ್ ಹರಿದರೂ ಹೋಯಿತು. ಹಾಗಾಗಿ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಗಿಡ ಜಾಸ್ತಿ ಇದ್ದರೆ ವೈರಿ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಹುಲ್ಲು, ಬೀಳು ಹೊಲ, ಮಿಡತೆ, ಕಡಲೆ, ಜೋಳದ ಹೊಲಗಳು. ಒಣಬೇಸಾಯದ ಹಳೆಯ ಎರೆ ಸೀಮೆ ಅದಕ್ಕೆ ಹೇಳಿಮಾಡಿಸಿದ ಜಾಗವಾಗಿತ್ತು.

ಆದರೆ ಕಾಗದದಲ್ಲಿ ಈ ಜಾಗದ ಹೆಸರೇನು? ಬಂಜರು. ದೇಶದ ಬಂಜರು ಭೂಮಿಯ ನಕಾಶೆಯಲ್ಲಿ ಕುರುಚಲು ಬಯಲು, ಹುಲ್ಲುಗಾವಲು ಎಲ್ಲ ಆ ಪಟ್ಟಿಗೇ ಸೇರಿವೆ. ಬಂಜರು ಅಂದ ಮೇಲೆ ಮುಗಿಯಿತು. ಸೋಲಾರ್ ಫಲಕ ಬರಲಿ, ಕಾರ್ಖಾನೆ ಬರಲಿ, ಇಲ್ಲದಿದ್ದರೆ ಒಳ್ಳೆಯ ಮನಸ್ಸಿನಿಂದಲೇ ಗಿಡ ನೆಡಲಿ ಅನ್ನುತ್ತೇವೆ. ಗಿಡ ನೆಡುವುದು ಎಲ್ಲ ಕಡೆಯೂ ಒಳ್ಳೆಯದಲ್ಲ ಅಂತ ಹೇಳಿದರೆ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಆದರೂ ಹೇಳುತ್ತೇನೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಒಂದು ಕಾಲಕ್ಕೆ ಎರೆಭೂತ ಇತ್ತು. ಆ ಬಯಲಿನ ಬಹುಭಾಗ ನೀಲಗಿರಿ ತೋಪಾಯಿತು. ಈಗ ಅಲ್ಲಿ ಎರೆಭೂತ ಇಲ್ಲ.

ಇಲ್ಲೇ ಎರಡು ಜಾಲಿಗಳ ಮಾತು ಬರುತ್ತದೆ. ಕರಿಜಾಲಿ ನಮ್ಮದೇ ಗಿಡ. ಅಂಕಸಮುದ್ರದಲ್ಲಿ ಗೂಡು ಹೊತ್ತಿರುವುದು ಅದೇ. ಇನ್ನೊಂದು, ಅಮೆರಿಕ ಖಂಡದಿಂದ ಬಂದಿದ್ದು, ನಮ್ಮ ಪಕ್ಕದ ಜಿಲ್ಲೆಯ ಹೆಸರನ್ನೇ ಹೊತ್ತುಕೊಂಡಿದೆ: ಬಳ್ಳಾರಿ ಜಾಲಿ. ಸೌದೆಗೆ ಆಗುತ್ತದೆ, ನಿಜ. ಬಡವರ ಒಲೆ ಉರಿಸಿದೆ. ಆದರೆ ದನ, ಕುರಿ ಅದರ ಕಾಯಿ ತಿಂದು ಎಲ್ಲೆಡೆ ಬೀಜ ಹರಡುತ್ತವೆ. ಕೆಲವೇ ವರ್ಷದಲ್ಲಿ ಬಯಲು ಮುಳ್ಳಿನ ಪೊದೆಯಾಗುತ್ತದೆ. ಬಯಲಿನ ಹಕ್ಕಿಗೆ ಅದು ಕಾಡಲ್ಲ, ಗೋಡೆ. ನಮ್ಮ ಗಾಯರಾಣದಲ್ಲೂ ಒಂದು ಮೂಲೆಯಿಂದ ಅದು ನುಗ್ಗುತ್ತಿದೆ. ಎಷ್ಟು ಬಂತು ಅಂತ ಪ್ರತಿ ಯುಗಾದಿಗೆ ಹೆಜ್ಜೆ ಹಾಕಿ ಅಳೆದು ಬರೆದಿಡುತ್ತೇನೆ. ಹಕ್ಕಿ ಲೆಕ್ಕದಷ್ಟೇ ಅದೂ ಮುಖ್ಯ.

ಬಯಲನ್ನು ಬಯಲಾಗಿಯೇ ಕಾಪಾಡುವ ಕೆಲಸ ನಡೆದೇ ಇಲ್ಲ ಅಂತಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ಧಾಮ ಆಗಿದೆ. ತೋಳ ಉಳಿದರೆ ಅದೇ ಹುಲ್ಲಿನ ನೆಲಗುಬ್ಬಿ, ಗೌಜಲಕ್ಕಿಗೂ ಜಾಗ ಉಳಿಯುತ್ತದೆ.

ಎರೆಭೂತಕ್ಕೆ ಇನ್ನೊಂದು ಕಂಟಕ ಕರೆಂಟ್ ತಂತಿ. ಅದರ ಕಣ್ಣುಗಳು ತಲೆಯ ಪಕ್ಕಕ್ಕಿವೆ, ಎದುರಿನದು ಸರಿಯಾಗಿ ಕಾಣದು. ಮೈ ಭಾರ, ತಂತಿ ಕಂಡರೂ ತಟ್ಟನೆ ತಿರುಗಲು ಆಗದು. ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜಿನಂತೆ ರಾಜಸ್ಥಾನದ ಥಾರ್ ಮರುಭೂಮಿಯ ಸುಮಾರು 4,200 ಚದರ ಕಿಲೋಮೀಟರ್‌ನಲ್ಲಿ ವರ್ಷಕ್ಕೆ 84,000 ಹಕ್ಕಿಗಳು ತಂತಿಗೆ ಬಡಿದು ಸಾಯುತ್ತವೆ. ಎಲ್ಲ ಜಾತಿ ಸೇರಿ. ಈ ಅಂದಾಜನ್ನೂ ನಡೆದೇ ಮಾಡಿದ್ದು. ತಂತಿಯ ಕೆಳಗೆ ನಡೆದು ಸತ್ತ ಹಕ್ಕಿ ಹುಡುಕಿದರು. ನರಿ, ನಾಯಿ ಎಳೆದೊಯ್ದವು ಎಷ್ಟಿರಬಹುದು ಅಂತ ಕೂಡಿಸಿದರು. ಕಾಣದ್ದರ ಲೆಕ್ಕ ಇಲ್ಲಿಯೂ ಬಂತು ನೋಡಿ. 2021ರಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನ, ಗುಜರಾತಿನ ತಂತಿಗಳ ಬಗ್ಗೆ ಆದೇಶ ಕೊಟ್ಟಿತು. ನಮ್ಮ ಕಡೆ ಕುಷ್ಟಗಿ, ಯಲಬುರ್ಗಾದಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ, ಅವುಗಳ ಜೊತೆ ತಂತಿಯೂ. ಗಾಳಿಯ ಕರೆಂಟು ಬೇಡ ಅಂತ ನಾನು ಹೇಳುವುದಿಲ್ಲ. ತಂತಿ ಎಳೆಯುವ ಮುಂಚೆ ಅಲ್ಲಿ ಯಾವ ಹಕ್ಕಿ ಎಷ್ಟು ಎತ್ತರದಲ್ಲಿ ಹಾರುತ್ತದೆ ಅಂತ ಒಂದು ವರ್ಷವಾದರೂ ನೋಡಲಿ. ತಂತಿಗೆ ತಿರುಗುವ, ಹೊಳೆಯುವ ಬಿಲ್ಲೆ ತೂಗುಹಾಕಿದರೆ ಹಕ್ಕಿಗೆ ದೂರದಿಂದಲೇ ಕಾಣುತ್ತದೆ. ಅಷ್ಟಾದರೂ ಮಾಡಲಿ.

ಇಂಥ ಅಪರೂಪದ ಹಕ್ಕಿ ಕಂಡರೆ ಜಾಗ ಮಾತ್ರ ಯಾರಿಗೂ ಹೇಳಬೇಡಿ. ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ಹಾಕಿದರೆ ಮರುದಿನ ಹತ್ತು ಕಾರು ಬರುತ್ತವೆ. ಮೊಟ್ಟೆಯ ಮೇಲಿಂದ ತಾಯಿ ಎದ್ದು ಹೋದರೆ ನಮ್ಮ ಬಿಸಿಲಲ್ಲಿ ಮೊಟ್ಟೆ ಬೇಯಲು ಬಹಳ ಹೊತ್ತು ಬೇಡ. ಅರಣ್ಯ ಇಲಾಖೆಗೆ ತಿಳಿಸಿ. ಇಬರ್ಡ್ ಕೂಡ ಎರೆಭೂತ ಕಂಡ ಜಾಗವನ್ನು ಜನರಿಗೆ ತೋರಿಸದೆ ಮುಚ್ಚಿಡುತ್ತದೆ, ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ನೀವು ಶುರು ಮಾಡುವುದಾದರೆ

ಎರೆಭೂತ ಹುಡುಕಿಕೊಂಡು ಹೋಗಬೇಕಿಲ್ಲ. ಊರ ಕೆರೆಯ ಏರಿ, ಶಾಲೆಯ ಮೈದಾನ, ಹೊಲದ ದಾರಿ ಯಾವುದಾದರೂ ಆದೀತು. ನೀವು ವರ್ಷಗಟ್ಟಲೆ ಬಿಡದೆ ಹೋಗಬಲ್ಲ ಜಾಗ ಆಗಿರಬೇಕು, ಅಷ್ಟೆ. ಕಾಲು ಗಂಟೆ ಸಾಕು. ಎಲ್ಲ ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಗುರುತು ಸಿಕ್ಕಿದ್ದನ್ನೆಲ್ಲ ಬರೆಯಿರಿ. ಗುರುತು ಸಿಗದ್ದನ್ನು ಊಹಿಸಿ ಬರೆಯಬೇಡಿ. ದಿನ, ಹೊತ್ತು, ಎಷ್ಟು ದೂರ ನಡೆದಿರಿ, ಎಷ್ಟು ಜನ ಇದ್ದಿರಿ ಅಂತ ಮರೆಯದೆ ಹಾಕಿ. ಏನೂ ಕಾಣದ ದಿನವೂ ಹೋಗಿ, ಆ ಪಟ್ಟಿಯನ್ನೂ ಕಳಿಸಿ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ, ಮಕ್ಕಳನ್ನು ಕರೆದುಕೊಂಡು ಶುರು ಮಾಡಲು ಅದು ಒಳ್ಳೆಯ ಹೊತ್ತು.

ನಾನು ಆ ಗಾಯರಾಣದಲ್ಲಿ ಪೂರ್ಣ ಪಟ್ಟಿ ಬರೆಯಲು ಶುರು ಮಾಡಿ ಇದು ನಾಲ್ಕನೇ ವರ್ಷ. ಅಜ್ಜ ಈಗಲೂ ಕುರಿ ಹೊಡೆದುಕೊಂಡು ಬರುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದಿನ ದೂರದಿಂದಲೇ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಕೋಲಿನಿಂದ ನೆಲ ತೋರಿಸಿದರು. ನನಗೆ ಬರೀ ಕಲ್ಲು ಕಂಡವು. ಬಗ್ಗಿ ನೋಡಿದರೆ ಹರಳಿನ ನಡುವೆ ನಾಲ್ಕು ಟಿಟ್ಟಿಭದ ಮೊಟ್ಟೆ. ಚೂಪು ತುದಿ ಒಳಗೆ ಮಾಡಿ, ಹೂವಿನ ಎಸಳಿನಂತೆ ಜೋಡಿಸಿಟ್ಟಿತ್ತು. ಮೇಲೆ ತಾಯಿ ಕೂಗುತ್ತಾ ಸುತ್ತುತ್ತಿತ್ತು. ಇಬ್ಬರೂ ಬೇಗ ಹಿಂದೆ ಸರಿದೆವು. ಕುರಿಗಳು ಆ ಕಡೆ ಬಾರದಂತೆ ಅಜ್ಜ ಮುಂದೆ ಹೋಗಿ ತಿರುಗಿಸಿದರು.

"ಇದನ್ನೂ ಬರ್ಕೊರಿ," ಅಂದರು. "ಆ ಮೂರನೇ ಕಂಬದಾಗ ಒಂದು ನೀಲಕಂಠ ಐತಿ, ಅದನ್ನೂ."

ಬರೆದುಕೊಂಡೆ. ಹನ್ನೊಂದು ಕಂಬ, ಒಂದು ನೀಲಕಂಠ. ಹೊತ್ತು ಬೆಳಿಗ್ಗೆ 6.50.